27 ಎಲೆ ಮತ್ತು ಒಬ್ಬ ಗಣಿತದ ಮೇಡಂ

ನಾನು ತಿಪಟೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಬೇಸಿಗೆ ರಜೆಯಲ್ಲಿ ಇಸ್ಪೀಟು ಮ್ಯಾಜಿಕ್ ಕಲಿಯಲು ಕೂತೆ. ನಮ್ಮ ಮನೆಯಲ್ಲಿ ಶಿವರಾತ್ರಿ ಜಾಗರಣೆ ಬಿಟ್ಟರೆ ಇಸ್ಪೀಟು ಬೀರುವಿನಿಂದ ಹೊರಗೆ ಬರುವುದಿಲ್ಲ. "ಮೇಡಂ ಇಸ್ಪೀಟು ಹಿಡಿದ್ರೆ ಮಕ್ಕಳು ಏನು ಹಿಡೀಬೇಕು?" ಎಂದರು ಅತ್ತೆ.

ಮೊದಲು ಎಲೆಗಳ ವಿಚಾರ. ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಎಲೆ ರಮ್ಮಿಗೆ ಸಾಕು, ಮ್ಯಾಜಿಕ್‌ಗೆ ಸಾಲದು. ಒಂದೋ ಜಾರುತ್ತದೆ, ಇಲ್ಲ ಅಂಟಿಕೊಳ್ಳುತ್ತದೆ. ಬೈಸಿಕಲ್ ಹೆಸರಿನ ಕಾಗದದ ಎಲೆಗಳ ಮೈಮೇಲೆ ಕಣ್ಣಿಗೆ ಅಷ್ಟಾಗಿ ಕಾಣದ ಗುಳಿಗಳಿರುತ್ತವೆ. ಹಾಗಾಗಿ ಒಂದರ ಮೇಲೊಂದು ಸಲೀಸಾಗಿ ಸರಿಯುತ್ತವೆ. ಪೋಕರ್ ಅಳತೆಯ ಎಲೆ ಸುಮಾರು 63 ಮಿ.ಮೀ. ಅಗಲ. ನನ್ನಂಥ ಸಣ್ಣ ಕೈಯವರಿಗೆ 57 ಮಿ.ಮೀ.ಯ ಬ್ರಿಡ್ಜ್ ಅಳತೆ ಹಿತ. ಬರೀ ಮೇಜಿನ ಮೇಲಿಂದ ಎಲೆ ಎತ್ತುವುದು ಹಿಂಸೆ, ಕೆಳಗೆ ಒಂದು ಟವೆಲ್ ಹಾಸಿಕೊಳ್ಳಿ.

ಶುರುವಿಗೆ ಎಲ್ಲರೂ ಕಲಿಯುವುದು 21 ಎಲೆಯ ಟ್ರಿಕ್. ಮೂರು ಸಾಲಿನಲ್ಲಿ, ಸಾಲಿಗೊಂದರಂತೆ, ಮುಖ ಕಾಣುವ ಹಾಗೆ ಎಲೆ ಹಾಕುತ್ತಾ ಹೋಗುತ್ತೀರಿ. ಎದುರಿನವರು ಮನಸ್ಸಿನಲ್ಲೇ ಒಂದು ಎಲೆ ನೆನೆದು, ಅದು ಯಾವ ಸಾಲಿನಲ್ಲಿದೆ ಅಂತ ಮಾತ್ರ ಹೇಳುತ್ತಾರೆ. ಆ ಸಾಲನ್ನು ಉಳಿದೆರಡರ ನಡುವೆ ಇಟ್ಟು ಎತ್ತಿಕೊಳ್ಳಬೇಕು. ಮೂರು ಸಲ ಹೀಗೆ ಮಾಡಿದರೆ ಅವರ ಎಲೆ 11ನೇ ಜಾಗಕ್ಕೆ ಬಂದು ಕೂರುತ್ತದೆ. ಮೊದಲ ಸಲಕ್ಕೆ ಅದು 8ರಿಂದ 14ರೊಳಗೆ ಸಿಕ್ಕಿಬೀಳುತ್ತದೆ, ಎರಡನೇ ಸಲಕ್ಕೆ 10, 11, 12ರಲ್ಲಿ ಒಂದು. ಆಮೇಲೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಲೆಕ್ಕ ಚಂದ, ಟ್ರಿಕ್ ಬೋರು. ಎರಡನೇ ಸಲ ಎಲೆ ಹಾಕುವಾಗಲೇ ಎದುರಿನವರ ಕೈ ಮೊಬೈಲಿಗೆ ಹೋಗಿರುತ್ತದೆ.

ಇದರ ಅಕ್ಕ 27 ಎಲೆಯ ಟ್ರಿಕ್. ನನಗೆ ಹುಚ್ಚು ಹಿಡಿದಿದ್ದು ಇಲ್ಲಿ. ಹಾಕುವುದು ಅದೇ ಥರ. ಆದರೆ ಎಲೆ ಎಷ್ಟನೆಯದಾಗಿ ಬರಬೇಕು ಅನ್ನುವುದನ್ನು ಅವರೇ ಹೇಳುತ್ತಾರೆ. 19 ಅಂದರು ಅಂತಿಟ್ಟುಕೊಳ್ಳಿ. ಒಂದು ಕಳೆದರೆ 18. ಅದರಲ್ಲಿ ಒಂಬತ್ತರ ಗುಂಪು ಎರಡಿವೆ, ಮೂರರ ಗುಂಪು ಇಲ್ಲ, ಬಿಡಿಯಾಗಿ ಒಂದೂ ಉಳಿಯುವುದಿಲ್ಲ. ಮೂರರ ಆಧಾರದಲ್ಲಿ ಬರೆದರೆ 200. ಇದನ್ನು ಹಿಂದಿನಿಂದ ಓದಿ: 0, 0, 2. ಸೊನ್ನೆ ಬಂದರೆ ಅವರು ಹೇಳಿದ ಸಾಲು ಮೇಲೆ, ಒಂದು ಬಂದರೆ ನಡುವೆ, ಎರಡು ಬಂದರೆ ಕೆಳಗೆ. ಕಟ್ಟನ್ನು ಬೋರಲು ಮಾಡಿದಾಗ ಮೇಲೆ, ಕೆಳಗೆ ಅನ್ನುವ ಅರ್ಥದಲ್ಲಿ. ಅಂದರೆ ಮೊದಲೆರಡು ಸಲ ಮೇಲೆ, ಕೊನೆಯ ಸಲ ಕೆಳಗೆ. ಆಮೇಲೆ ಮೇಲಿನಿಂದ ಎಣಿಸಿ, ಹತ್ತೊಂಬತ್ತನೆಯದು ಅವರದೇ. ಫ್ರಾನ್ಸಿನ ಗಣಿತಜ್ಞ ಜೆರ್ಗೋನ್ 19ನೇ ಶತಮಾನದ ಶುರುವಿನಲ್ಲೇ ಈ ಲೆಕ್ಕ ಬಿಡಿಸಿದ್ದರು.

ಕಷ್ಟ ಇರುವುದು ಲೆಕ್ಕದಲ್ಲಲ್ಲ, ಅದನ್ನು ಮುಚ್ಚಿಡುವುದರಲ್ಲಿ. ಉತ್ತರಪತ್ರಿಕೆಯಲ್ಲಿ ಒಂದು ಹೆಜ್ಜೆ ಬಿಟ್ಟರೂ ಮಾರ್ಕ್ಸ್ ಕತ್ತರಿಸುವವಳು ನಾನು. ಇಲ್ಲಿ ಒಂದು ಹೆಜ್ಜೆಯೂ ಕಾಣಬಾರದು. ಅದಕ್ಕೇ ಸಂಖ್ಯೆಯನ್ನು ಮೊದಲೇ ಕೇಳಿ, ಕಟ್ಟನ್ನು ಅವರ ಕೈಗೇ ಕೊಟ್ಟು ಕಲಸಲು ಹೇಳುತ್ತೇನೆ. ಅವರು ಕಲಸುವಷ್ಟರಲ್ಲಿ ನನ್ನ ಭಾಗಾಕಾರ ಮುಗಿದಿರುತ್ತದೆ. ಸಾಲುಗಳನ್ನು ಎತ್ತುವಾಗ ಸುಮ್ನೆ ಏನಾದರೂ ಮಾತಾಡುತ್ತಿರಬೇಕು. ಕೈ ಕಡೆ ನಾನೇ ನೋಡಬಾರದು. ನಾನು ಎಲ್ಲಿ ನೋಡುತ್ತೇನೋ ಅವರೂ ಅಲ್ಲೇ ನೋಡುತ್ತಾರೆ. ಕ್ಲಾಸಿನಲ್ಲೂ ಹಾಗೇ ಅಲ್ವಾ?

ಟ್ರಿಕ್ ಮುಗಿದ ಮೇಲೆ "ಯಾಕೆ ಹೀಗಾಯ್ತು ಗೊತ್ತಾ?" ಅನ್ನುವುದು ನಾಲಿಗೆ ತುದಿಗೆ ಬರುತ್ತದೆ. ತಡೆದುಕೊಳ್ಳುವುದೇ ದೊಡ್ಡ ಅಭ್ಯಾಸ. ಇಲ್ಲಿ ಹೇಳುತ್ತಿರುವುದು ಕಲಿಯುವವರಿಗೆ ಅಂತ, ಅದು ಬೇರೆ.

ಅತ್ತೆಯನ್ನು ಒಪ್ಪಿಸಲು ಗಣಿತಜ್ಞ ಪರ್ಸಿ ಡಯಾಕೋನಿಸ್ ಕಥೆ ಹೇಳಿದೆ. 52 ಎಲೆಯ ಕಟ್ಟನ್ನು ಎರಡು ಭಾಗ ಮಾಡಿ ಬೆರಳಿನಿಂದ ಪಟಪಟ ಬಿಡುತ್ತಾ ಸೇರಿಸುತ್ತಾರಲ್ಲ, ಹಾಗೆ ಸುಮಾರು ಏಳು ಸಲ ಮಾಡಿದರೆ ಚೆನ್ನಾಗಿ ಕಲೆಯುತ್ತದೆ ಎಂದು 1992ರಲ್ಲಿ ಡೇವ್ ಬೇಯರ್ ಜೊತೆ ಸೇರಿ ತೋರಿಸಿದವರು. ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರೊಫೆಸರ್. 14ನೇ ವಯಸ್ಸಿಗೇ ಮ್ಯಾಜಿಕ್‌ಗಾಗಿ ಹೆಸರಾಂತ ಜಾದೂಗಾರ ಡಾಯ್ ವರ್ನನ್ ಜೊತೆ ಊರೂರು ಸುತ್ತಲು ಹೊರಟವರು ಎಂದೂ ಸೇರಿಸಿದೆ. ಅತ್ತೆ ಪ್ರೊಫೆಸರ್ ಅನ್ನುವುದನ್ನು ಬಿಟ್ಟು ಉಳಿದದ್ದನ್ನು ಹಿಡಿದುಕೊಂಡರು. "ನೋಡಿದ್ಯಾ, ಇಸ್ಪೀಟು ಹಿಡಿದು ಮನೆ ಬಿಟ್ಟ."

ಆದರೂ ಆಡಲು ಕೂತರು. 14 ಅಂದರು. ಕಳೆದರೆ 13, ಅಂದರೆ 111. ಮೂರು ಸಲವೂ ಅವರ ಸಾಲು ನಡುವೆಯೇ. "ನಂದನ್ನೇ ಯಾಕೆ ಮತ್ತೆ ಮತ್ತೆ ಮಧ್ಯಕ್ಕೆ ತುರುಕ್ತೀಯ?" ಅಂತ ಕೇಳಿಯೇಬಿಟ್ಟರು. ಎಲೆ ಸರಿಯಾಗಿ ಬಂತು, ಆದರೆ ಅವರಿಗೆ ಅರ್ಧ ಲೆಕ್ಕವೂ ಸಿಕ್ಕಿತ್ತು. 1 ಮತ್ತು 27ರ ಕಥೆಯೂ ಇದೇ, ಮೂರು ಸಲವೂ ಒಂದೇ ಜಾಗ. ಹಾಗಾಗಿ ಈಗ "15ರಿಂದ 26ರೊಳಗೆ ಒಂದು ಹೇಳಿ" ಅಂತಲೇ ಕೇಳುತ್ತೇನೆ. ಅಷ್ಟೇ ಯಾಕೆ ಅಂತ ಇದುವರೆಗೂ ಯಾರೂ ಕೇಳಿಲ್ಲ, ಅತ್ತೆಯನ್ನು ಬಿಟ್ಟು.