ಹುತ್ತರಿಗೆ ಏನು ಕುಡಿಯೋದು? ಕಲ್ಲು ಕಂಡವನ ಫ್ಲಾಸ್ಕ್ ಪ್ರಯೋಗ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಇನ್ನು ಮೂರು ವಾರ, ಶನಿವಾರ

ಕಳೆದ ಬೇಸಿಗೆಯಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುತ್ತಿದ್ದ ದಿನಗಳಲ್ಲೇ ನನಗೆ 5 ಮಿಲಿಮೀಟರಿನ ಕಿಡ್ನಿ ಕಲ್ಲು ಇಳಿಯಿತು. ಕಾಫಿ ಗಿಡಕ್ಕೆಲ್ಲ ನೀರು ಕೊಟ್ಟೆ, ನಾನು ಕುಡಿಯಲಿಲ್ಲ. ನೋವಿನ ಬಗ್ಗೆ ಬರೆಯಲ್ಲ. ಗೊತ್ತಿರುವವರಿಗೆ ಗೊತ್ತು. ಕಲ್ಲನ್ನು ಪರೀಕ್ಷೆಗೆ ಕಳಿಸಿದಾಗ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ಹೆಚ್ಚಿನವರಿಗೆ ಆಗುವುದು ಇದೇ ಜಾತಿ. 24 ಗಂಟೆಯ ಮೂತ್ರ ಪರೀಕ್ಷೆಯಲ್ಲಿ ಇನ್ನೆರಡು ವಿಷಯ ಸಿಕ್ಕವು. ಮೂತ್ರ ಬರೀ 1.1 ಲೀಟರ್. ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ ಕೂಡ ಕಡಿಮೆ. ಡಾಕ್ಟರು ಕೊಟ್ಟ ಗುರಿ ದಿನಕ್ಕೆ 2.5 ಲೀಟರ್. ಅದು ಕುಡಿಯುವ ಲೆಕ್ಕ ಅಲ್ಲ, ಹೊರಗೆ ಹೋಗುವ ಲೆಕ್ಕ.

ಸೆಕೆಯಲ್ಲಿ ಹೇಗೋ ನಡೆಯಿತು. ಈಗ ಚಳಿ. ಸೋಮವಾರಪೇಟೆ ಕಡೆ ಬೆಳಗ್ಗೆ ಮಂಜು ಕರಗುವ ಹೊತ್ತಿಗೆ ಒಂಬತ್ತಾಗಿರುತ್ತದೆ. ಬಾಯಾರಿಕೆ ಅನ್ನೋದೇ ಇಲ್ಲ. ಹಬ್ಬಕ್ಕೆ ಮನೆ ತುಂಬ ನೆಂಟರು, ಹಂದಿ ಮಾಂಸದ ಪಂದಿ ಕರಿ, ಕಡುಬು, ವೈನು. ಮಾಂಸ ಜಾಸ್ತಿಯಾದರೆ ಯೂರಿಕ್ ಆಸಿಡ್ ಏರುತ್ತದೆ, ಸಿಟ್ರೇಟ್ ಇನ್ನೂ ಇಳಿಯುತ್ತದೆ. ಪಂದಿ ಕರಿ ಬಿಡು ಅಂತ ನನಗೆ ನಾನೇ ಹೇಳಿಕೊಂಡು ನೋಡಿದೆ, ಆಗಲಿಲ್ಲ. ಹಾಗಾಗಿ ಲೋಟದ ಕಡೆಯಿಂದ ಕೆಲಸ ಶುರು. ಚಳಿಯಲ್ಲೂ ಕೈ ತಾನಾಗಿ ಹೋಗುವಂಥ, ಸಕ್ಕರೆ ಕಡಿಮೆ ಇರುವ ಪಾನೀಯ ಬೇಕು.

ಎರಡನೇ ಭಾನುವಾರ

ಮೊದಲು ಕಿತ್ತಳೆ. ತೋಟದಲ್ಲಿ ಕಾಫಿ ಮಧ್ಯೆ ಉಳಿದಿರುವ ಹನ್ನೊಂದು ಮರಗಳಲ್ಲಿ ನಾಲ್ಕು ಹಣ್ಣು ಬಿಟ್ಟಿವೆ. ಸಿಟ್ರೇಟ್ ಮೂತ್ರದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಅದು ಆಕ್ಸಲೇಟ್ ಜೊತೆ ಸೇರಿ ಹರಳಾಗಲು ಬಿಡುವುದಿಲ್ಲ. ನಿಂಬೆಯಲ್ಲೂ ಸಿಟ್ರೇಟ್ ಇದೆ. ಆದರೆ ಕಿತ್ತಳೆ ಜಾತಿಯ ರಸದಲ್ಲಿ ಪೊಟ್ಯಾಸಿಯಂ ಜೊತೆಗಿರುವುದರಿಂದ ಮೂತ್ರದ ಹುಳಿಯೂ ತಗ್ಗುತ್ತದೆ.

ಮಿಕ್ಸಿಗೆ ಹಾಕಿ ತಿರುಗಿಸಿ, ಸೋಸಿ, ಕುದಿಸಿದೆ. ಕಹಿ! ಹಾಗಲಕಾಯಿ ಕೂಡ ಇದಕ್ಕಿಂತ ವಾಸಿ. ಬೀಜ, ತೊಳೆಯ ಸಿಪ್ಪೆ ಅರೆದುಹೋದರೆ ರಸ ಹೊತ್ತು ಹೋದಂತೆ ಕಹಿಯಾಗುತ್ತದೆ. ಬಿಸಿ ಮಾಡಿದರೆ ಇನ್ನೂ ಬೇಗ. ಎರಡನೇ ಸಲ ಕೈಯಲ್ಲೇ ಹಿಂಡಿದೆ. ಆರು ಹಣ್ಣಿಗೆ ಮುಕ್ಕಾಲು ಲೋಟ ರಸ. ಶುಂಠಿ ಜಜ್ಜಿ ಒಂದು ಲೀಟರ್ ನೀರು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ರಸ ಬೆರೆಸಿದೆ. ಸಕ್ಕರೆ ಹಾಕಲಿಲ್ಲ. ಮಗಳು ಎರಡು ಲೋಟ ಕುಡಿದಳು. ಅವಳು ನನ್ನ ಅಡುಗೆಗೆ ಅಷ್ಟು ಸುಲಭಕ್ಕೆ ಮರ್ಯಾದೆ ಕೊಡುವವಳಲ್ಲ.

ಅದೇ ವಾರ, ಗುರುವಾರ

ಭಾವ ಫೋನ್ ಮಾಡಿ, ಬಿಯರ್ ಕುಡಿದರೆ ಕಲ್ಲು ಕರಗುತ್ತೆ ಮಾರಾಯಾ, ಇಷ್ಟೆಲ್ಲ ಯಾಕೆ ಅಂದರು. ಈ ಜಾತಿಯ ಕಲ್ಲು ಯಾವುದನ್ನು ಕುಡಿದರೂ ಕರಗುವುದಿಲ್ಲ, ಹೊಸದು ಹುಟ್ಟದಂತೆ ನೋಡಿಕೊಳ್ಳಬಹುದು ಅಷ್ಟೇ. ಯೂರಿಕ್ ಆಸಿಡ್ ಕಲ್ಲಾದರೆ ಔಷಧಿಯಿಂದ ಕರಗಿಸಬಹುದು, ಅದಕ್ಕೂ ಬಿಯರ್ ಮದ್ದಲ್ಲ. ಅತ್ತೆಯದು ಬಾಳೆದಿಂಡಿನ ರಸ. ಬೇಡ ಅನ್ನಲಿಲ್ಲ, ಆದರೆ ಹಬ್ಬದ ದಿನ ಅದನ್ನು ಯಾರು ಕುಡಿಯುತ್ತಾರೆ?

ಪಟ್ಟಿಯಿಂದ ತೆಗೆದವು: ಬೀಟ್‌ರೂಟ್ ಜ್ಯೂಸ್, ಬಾದಾಮಿ ಹಾಲು, ಮಕ್ಕಳ ಚಾಕೊಲೇಟ್ ಡ್ರಿಂಕ್. ಮೂರರಲ್ಲೂ ಆಕ್ಸಲೇಟ್ ಜಾಸ್ತಿ. ಕೋಲಾ ಬಾಟಲಿಗಳೂ ಹೋದವು. ಕಟ್ ಟೀಗೆ, ಅಂದರೆ ಹಾಲಿಲ್ಲದ ಕಪ್ಪು ಟೀಗೆ, ಹಾಲು ಸೇರಿಸುವುದು ಒಳ್ಳೆಯದು, ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಕಳಿಸುತ್ತದೆ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ ಅಂತ ನಾನು ಹಾಲು, ಮೊಸರು ಬಿಟ್ಟು ಎರಡು ತಿಂಗಳು ಕಳೆದಿದ್ದೆ. ತಪ್ಪು.

ಬೆಲ್ಲದ ಕಾಫಿ ಉಳಿಯಿತು. ಕೊಡಗಿನಲ್ಲಿ ಕಾಫಿ ತೆಗೆದರೆ ಮನೆಯಿಂದ ನನ್ನನ್ನೇ ತೆಗೆಯುತ್ತಿದ್ದರು. ಕಾಫಿ ಕುಡಿಯುವವರಲ್ಲಿ ಕಲ್ಲು ಕಡಿಮೆ ಎಂದು ದೊಡ್ಡ ಅಧ್ಯಯನಗಳಲ್ಲೇ ಕಂಡಿದೆ. ಬೆಲ್ಲ ಮಾತ್ರ ಅರ್ಧ.

ಹುತ್ತರಿಗೆ ಆರು ದಿನ

ಮಜ್ಜಿಗೆ ಪರೀಕ್ಷೆ. ಅಭ್ಯಾಸದಂತೆ ಒಂದು ಲೀಟರಿಗೆ ಒಂದು ಟೀ ಚಮಚ ಉಪ್ಪು ಹಾಕಿದೆ. ಆಮೇಲೆ ತೂಗಿ ನೋಡಿದರೆ 5 ಗ್ರಾಂ ಮೇಲೆ! ಇಡೀ ದಿನಕ್ಕೆ ಅಷ್ಟೇ ಸಾಕು ಅನ್ನುತ್ತಾರೆ. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ. ಈಗ ಕಾಲು ಚಮಚ, ಉಳಿದ ಖಾರ-ಘಮಕ್ಕೆ ಶುಂಠಿ, ಗಾಂಧಾರಿ ಮೆಣಸು, ಕೊತ್ತಂಬರಿ ಸೊಪ್ಪು.

ಹಣ್ಣಿನ ರಸ ಕುದಿಸಿ ಗಟ್ಟಿ ಮಾಡುವ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಬಗ್ಗೆಯೂ ಓದಿದೆ. ಅದರ ಹಣ್ಣಿನಲ್ಲಿರುವ ಹೈಡ್ರಾಕ್ಸಿಸಿಟ್ರೇಟ್ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಬೆಳೆಯದಂತೆ ತಡೆಯುವುದನ್ನು 2016ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಖುಷಿಯಾಗಿ ಹೆಂಡತಿಗೆ ಹೇಳಿದೆ. ಪಂದಿ ಕರಿಗೆ ಹೇಗೂ ಹಾಕುತ್ತೇವಲ್ಲ, ಲೋಟಕ್ಕೆ ಬೇಡ ಅಂದಳು. ಸರಿಯೇ. ಪ್ರಯೋಗಾಲಯದ ಹರಳು ಬೇರೆ, ನನ್ನ ಕಿಡ್ನಿ ಬೇರೆ. ಅಷ್ಟು ಗಟ್ಟಿ ಹುಳಿ ಕುಡಿದರೆ ಮೊದಲು ಹೊಟ್ಟೆ ಕೇಳುತ್ತದೆ.

ಹಬ್ಬದ ಮರುದಿನ

ದೊಡ್ಡಪ್ಪನಿಗೆ ಬೇರೆ ವ್ಯವಸ್ಥೆ ಮಾಡಿದ್ದೆ. ಅವರ ಕಿಡ್ನಿಯ ಕೆಲಸವೇ ಕುಂದಿದೆ. ಡಾಕ್ಟರು ನೀರಿಗೂ ಅಳತೆ ಹಾಕಿ, ಪೊಟ್ಯಾಸಿಯಂ ಇರುವ ಕಿತ್ತಳೆ, ಎಳನೀರು ಎರಡನ್ನೂ ನಿಲ್ಲಿಸಿದ್ದಾರೆ. ನನಗೆ ಒಳ್ಳೆಯದಾದ ಫ್ಲಾಸ್ಕ್ ಅವರಿಗೆ ವಿಷ. ಹಾಗಾಗಿ ಫ್ಲಾಸ್ಕಿನ ಮೇಲೆ ಚೀಟಿ ಅಂಟಿಸಿದ್ದೆ.

ರಾತ್ರಿ ಗದ್ದೆಗೆ ಹೋಗುವಾಗ ಎರಡು ಫ್ಲಾಸ್ಕ್ ಬಿಸಿ ಕಿತ್ತಳೆ ನೀರು ಹೊತ್ತುಕೊಂಡು ಹೋದೆ. ಕೋವಿ ಹಾರಿತು, ಕದಿರು ತೆಗೆದೆವು, ಪೊಲಿ ಪೊಲಿ ದೇವಾ ಕೂಗಿ ಗಂಟಲು ಒಣಗಿತ್ತು. ಬದುವಿನ ಮೇಲೆ ನಿಂತೇ ಮೊದಲ ಫ್ಲಾಸ್ಕ್ ಖಾಲಿ. ಮನೆಗೆ ಬಂದ ಮೇಲೆ ಅತ್ತೆಯ ದ್ರಾಕ್ಷಿ ವೈನು ಒಂದು ಸಣ್ಣ ಗ್ಲಾಸ್, ಅದರ ಹಿಂದೆಯೇ ದೊಡ್ಡ ಲೋಟ ನೀರು. ಮಲಗುವ ಮೊದಲು ಇನ್ನೊಂದು ಲೋಟ, ಯಾಕೆಂದರೆ ಮೂತ್ರ ಗಟ್ಟಿಯಾಗುವುದು ರಾತ್ರಿಯೇ. ಮೂರು ಗಂಟೆಗೆ ಎದ್ದು ಚಳಿಯಲ್ಲಿ ಬಚ್ಚಲಿಗೆ ಹೋದದ್ದು ಬೇರೆ ಕತೆ.

ಅಳತೆ ಜಗ್ಗನ್ನು ನೆಂಟರ ಕಣ್ಣಿಗೆ ಬೀಳದಂತೆ ಹಂಡೆ ಹಿಂದೆ ಇಟ್ಟಿದ್ದೆ. 24 ಗಂಟೆಗೆ 2.3 ಲೀಟರ್. ಗುರಿಗೆ 200 ಮಿಲಿಲೀಟರ್ ಕಡಿಮೆ, ಅದೂ ಪಂದಿ ಕರಿ ತಿಂದ ದಿನ. ಸಿಟ್ರೇಟ್ ಪರೀಕ್ಷೆ ಜನವರಿಯಲ್ಲಿ.

ಮುಂದಿನ ಸರದಿ ಕೈಪುಳಿ ಎಂಬ ಕಹಿ ಕಿತ್ತಳೆ. ಅದು ಹುಟ್ಟಿದಾಗಿನಿಂದಲೇ ಕಹಿ, ಮಿಕ್ಸಿಯ ಮೇಲೆ ತಪ್ಪು ಹಾಕುವಂತಿಲ್ಲ. ಎರಡನೇ ಫ್ಲಾಸ್ಕ್ ಭಾವನ ಜೀಪಿನಲ್ಲಿ ಹೋಗಿದೆ. ಕೇಳಿದರೆ, ಬಿಯರಿಗಿಂತ ಪರವಾಗಿಲ್ಲ, ನಾಳೆ ತರ್ತೀನಿ ಅಂದರು.