ಒಂದು ಬಟ್ಟಲು ಉಡೋನ್

ಇವತ್ತು ಜಪಾನಿನ ತಕಮತ್ಸುವಿನಲ್ಲಿ ಉಡೋನ್, ಅಂದರೆ ಗೋಧಿ ಹಿಟ್ಟಿನ ದಪ್ಪ ನೂಡಲ್ಸ್, ತಿನ್ನಲು ಒಂದು ಗಂಟೆ ಕ್ಯೂ ನಿಂತೆ. ಒಳಗೆ ಹತ್ತೇ ಜನಕ್ಕೆ ಜಾಗ. ಈ ಕಾಗಾವಾ ಪ್ರಾಂತ್ಯಕ್ಕೆ ‘ಉಡೋನ್ ಪ್ರಾಂತ್ಯ’ ಅನ್ನೋ ಹೆಸರೇ ಇದೆ. ಮಾಡಿದ್ದು ಖಾಲಿಯಾದರೆ ಎಷ್ಟೋ ಅಂಗಡಿಗಳು ಮಧ್ಯಾಹ್ನವೇ ಬಾಗಿಲು ಹಾಕುತ್ತವೆ. ಅದಕ್ಕೇ ಯಾರೂ ಸಾಲು ಬಿಟ್ಟು ಅಲುಗಾಡಲಿಲ್ಲ.

ದಪ್ಪ ಬಿಳಿ ಎಳೆಗಳು, ಒಣಮೀನಿನ ತಿಳಿ ಸಾರು, ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು. ಅಷ್ಟೇ. ಆದರೆ ಆ ಎಳೆ ಹಲ್ಲಿಗೆ ಸಿಕ್ಕಾಗಿನ ಬಿಗಿ ಇದೆಯಲ್ಲ, ಆಹಾ!

ಪಕ್ಕದಲ್ಲಿದ್ದ ಅಜ್ಜ ಸೊರ್ರ್ ಅಂತ ಎಳೆದುಕೊಂಡರು. ಇಲ್ಲಿ ಅದು ತಪ್ಪಲ್ಲ. ನಮ್ಮ ತಾತನೂ ಬಿಸಿ ಸಾರನ್ನು ಹೀಗೇ ಕುಡಿಯುತ್ತಿದ್ದರು, ಅಜ್ಜಿ ಬೈಯುತ್ತಿದ್ದರು. ತುಂಬಾ ನೆನಪಾದರು.

ನಾನೂ ಬಟ್ಟಲು ಎತ್ತಿ ಸದ್ದು ಮಾಡಿಯೇ ಕುಡಿದೆ. ಹೊರಗೆ ಬಂದಾಗ ಕ್ಯೂ ಇನ್ನೂ ಜಾಸ್ತಿ ಆಗಿತ್ತು.