ಫ್ರೈಬುರ್ಗ್ ವೆಬ್ ವಿನ್ಯಾಸ ಸಮ್ಮೇಳನಕ್ಕೆ ಹೊರಟವರು ಬಾಸೆಲ್‌ಗೂ ಎರಡು ದಿನ ಇಟ್ಟುಕೊಳ್ಳಿ

ಜರ್ಮನಿಯ ನೈಋತ್ಯ ಮೂಲೆಯ ಫ್ರೈಬುರ್ಗ್ ಊರು 2006ರಲ್ಲಿ ಶುರುವಾದ ವೆಬ್ ವಿನ್ಯಾಸದ ಆನ್‌ಲೈನ್ ಪತ್ರಿಕೆ ಸ್ಮ್ಯಾಶಿಂಗ್ ಮ್ಯಾಗಜೀನ್‌ನ ನೆಲೆ. ಅದೇ ಬಳಗ 2012ರಲ್ಲಿ ಆರಂಭಿಸಿದ ಸ್ಮ್ಯಾಶಿಂಗ್ ಕಾನ್ಫರೆನ್ಸ್ ಅಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ವೇದಿಕೆ ಒಂದೇ. ಯಾವ ಭಾಷಣಕ್ಕೆ ಹೋಗಲಿ, ಯಾವುದನ್ನು ಬಿಡಲಿ ಎಂಬ ತಲೆಬಿಸಿ ಇಲ್ಲ. ಆದರೆ ಭಾಷಣಗಳ ವಿಡಿಯೊ ಬಹುಪಾಲು ಆಮೇಲೆ ಮನೆಯಲ್ಲಿ ಕೂತೇ ಸಿಗುತ್ತದೆ. ಭಾಷಣಕ್ಕಷ್ಟೇ ಬೆಂಗಳೂರಿನಿಂದ ಅಷ್ಟು ದುಡ್ಡು ಸುರಿದು ಹೋಗುವುದು ಗಿಟ್ಟುವ ಮಾತಲ್ಲ. ಕಾರ್ಯಾಗಾರ, ಬಿಡುವಿನ ವೇಳೆಯ ಮಾತುಕತೆ, ಆ ಊರಿನ ಗೋಡೆ ಮತ್ತು ನೆಲ, ಮುಕ್ಕಾಲು ಗಂಟೆ ರೈಲಿನಾಚೆ ಇರುವ ಸ್ವಿಟ್ಜರ್‌ಲೆಂಡಿನ ಬಾಸೆಲ್ ಎಲ್ಲವನ್ನೂ ಸೇರಿಸಿ ಎಂಟು ದಿನದ ಲೆಕ್ಕ ಹಾಕಿಕೊಂಡರೆ ಈ ಪ್ರಯಾಣಕ್ಕೆ ಅರ್ಥ ಬರುತ್ತದೆ. ಕನ್ನಡದ ಅಚ್ಚಿನ ಇತಿಹಾಸ ಬಲ್ಲವರಿಗೆ ಬಾಸೆಲ್ ಯಾಕೆ ಎಂದು ಹೇಳಬೇಕಾಗಿಲ್ಲ. ಉಳಿದವರಿಗೆ ಮುಂದೆ ಹೇಳುತ್ತೇವೆ.

ಮೊದಲು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ, ಸಿ ವರ್ಗದ (ಅಲ್ಪಾವಧಿಯ) ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಜರ್ಮನಿಯಲ್ಲೇ ಇರುವುದರಿಂದ ಅರ್ಜಿಯೂ ಜರ್ಮನಿಗೇ, ಬೆಂಗಳೂರಿನ ವಿಎಫ್‌ಎಸ್ ವೀಸಾ ಅರ್ಜಿ ಕೇಂದ್ರದ ಮೂಲಕ. ಸ್ವಿಟ್ಜರ್‌ಲೆಂಡ್ ಕೂಡ ಷೆಂಗೆನ್ ವಲಯದ್ದೇ, ಹಾಗಾಗಿ ಬಾಸೆಲ್‌ಗೆ ಹೋಗಿಬರಲು ಒಂದೇ ಪ್ರವೇಶದ ವೀಸಾ ಸಾಲುತ್ತದೆ. 2024ರ ಜೂನ್‌ನಿಂದ ಶುಲ್ಕ 90 ಯೂರೊ, ಅದರ ಮೇಲೆ ಕೇಂದ್ರದ ಸೇವಾ ಶುಲ್ಕ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ನಿಯಮದ ಪ್ರಕಾರ 15 ದಿನ ಮೊದಲು ಕೊಟ್ಟರೂ ನಡೆಯುತ್ತದೆ, ಆದರೆ ಮೇ ಬಂತೆಂದರೆ ಕೇಂದ್ರದ ಅಪಾಯಿಂಟ್‌ಮೆಂಟ್‌ಗಳು ತುಂಬಿಹೋಗುತ್ತವೆ. ಏಪ್ರಿಲ್‌ನಲ್ಲೇ ಕೈಹಾಕಿ.

ಎಡವುವುದು ಹೆಚ್ಚಾಗಿ ಆಹ್ವಾನ ಪತ್ರದ ವಿಷಯದಲ್ಲಿ. ಟಿಕೆಟಿನ ರಸೀದಿಯೇ ಆಹ್ವಾನ ಎಂದುಕೊಳ್ಳಬೇಡಿ. ಟಿಕೆಟ್ ಕೊಂಡ ದಿನವೇ ಆಯೋಜಕರಿಗೆ ಬರೆದು ಪ್ರತ್ಯೇಕ ಪತ್ರ ಕೇಳಿ. ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು (ಇನಿಷಿಯಲ್ ಬಿಡಿಸಿ ಬರೆದಿದ್ದರೆ ಬಿಡಿಸಿಯೇ), ಸಭಾಂಗಣದ ವಿಳಾಸ, ಕಾರ್ಯಾಗಾರವೂ ಸೇರಿದ ಎಲ್ಲ ದಿನಾಂಕಗಳು, ಖರ್ಚು ಯಾರದು ಎಂಬ ಮಾತು ಆ ಪತ್ರದಲ್ಲಿರಬೇಕು. ಪತ್ರದಲ್ಲಿ ಎರಡು ದಿನ, ಹೋಟೆಲ್ ಬುಕಿಂಗ್‌ನಲ್ಲಿ ಎಂಟು ದಿನ ಇದ್ದರೆ ಪ್ರಶ್ನೆ ಬರುವುದು ಸಹಜ. ಉಳಿದ ದಿನಗಳಲ್ಲಿ ಎಲ್ಲಿರುತ್ತೀರಿ ಎಂಬುದನ್ನು ನಿಮ್ಮ ಕವರಿಂಗ್ ಲೆಟರ್‌ನಲ್ಲಿ ದಿನವಾರು ಬರೆಯಿರಿ. ಸ್ವಂತವಾಗಿ ಕೆಲಸ ಮಾಡುವವರು ಕಂಪನಿ ಪತ್ರದ ಬದಲು ಐಟಿ ರಿಟರ್ನ್ಸ್, ಜಿಎಸ್‌ಟಿ ನೋಂದಣಿ ಇದ್ದರೆ ಅದು, ಬ್ಯಾಂಕ್ ಸ್ಟೇಟ್‌ಮೆಂಟ್, ನಡೆಯುತ್ತಿರುವ ಕೆಲಸದ ಕರಾರು ಇಡಬಹುದು.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಅಲ್ಲಿ ಒಂದನೇ ಟರ್ಮಿನಲ್ ಬಳಿ ಎರಡು ರೈಲು ನಿಲ್ದಾಣಗಳಿವೆ: ಊರೊಳಗಿನ ರೈಲುಗಳಿಗೆ ಒಂದು, ದೂರದ ರೈಲುಗಳಿಗೆ ಇನ್ನೊಂದು. ನಿಮಗೆ ಬೇಕಾದ್ದು ಎರಡನೆಯದು, ಅದರ ಹೆಸರು ಫೆರ್ನ್‌ಬಾನ್‌ಹೋಫ್. ಐಸಿಇ ಎಂಬ ವೇಗದ ರೈಲಿನಲ್ಲಿ ಫ್ರೈಬುರ್ಗ್‌ಗೆ ಸುಮಾರು ಎರಡು ಗಂಟೆ, ಕೆಲವು ಸಲ ಮನ್‌ಹೈಮ್‌ನಲ್ಲಿ ಬದಲಿಸಬೇಕು. ಅಗ್ಗದ ಸ್ಪಾರ್‌ಪ್ರೈಸ್ ಟಿಕೆಟ್ ಒಂದು ನಿರ್ದಿಷ್ಟ ರೈಲಿಗೆ ಕಟ್ಟುಬಿದ್ದದ್ದು. ವಿಮಾನ ತಡವಾಗಿ ಆ ರೈಲು ತಪ್ಪಿದರೆ ದುಡ್ಡು ಹೋದಂತೆ. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿರುವುದರಿಂದ ಸಾಲು ಎಷ್ಟು ಉದ್ದವಿರುತ್ತದೆ ಎಂದು ಹೇಳಲಾಗದು. ಫ್ರೈಬುರ್ಗ್‌ಗೆ ಹೋಗುವಾಗ ಯಾವ ರೈಲಿಗಾದರೂ ಸಲ್ಲುವ ಫ್ಲೆಕ್ಸ್‌ಪ್ರೈಸ್ ಅಥವಾ ವಿಮಾನದ ಜೊತೆಗೇ ಸಿಗುವ ರೈಲ್ ಅಂಡ್ ಫ್ಲೈ ಟಿಕೆಟ್ ತೆಗೆದುಕೊಳ್ಳಿ. ಹಿಂತಿರುಗುವಾಗ ಸ್ಪಾರ್‌ಪ್ರೈಸ್ ಸಾಕು, ಆದರೆ ಬೇಕಾದ್ದಕ್ಕಿಂತ ಒಂದು ರೈಲು ಮುಂಚಿನದು.

ಸೋಮವಾರ ಕಾರ್ಯಕ್ರಮವಿದ್ದರೆ ಶನಿವಾರವೇ ತಲುಪಿ. ಬೇಸಿಗೆ ಗಡಿಯಾರದಲ್ಲಿ ಅಲ್ಲಿಯ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಮೊದಲ ಎರಡು ದಿನ ಬೆಳಗಿನ ಮೂರಕ್ಕೆ ಎಚ್ಚರ, ಸಂಜೆ ಏಳಕ್ಕೆ ತೂಕಡಿಕೆ. ಜನ ಮನಬಿಚ್ಚಿ ಮಾತಾಡುವುದು ಸಂಜೆಯೇ, ಅದನ್ನು ನಿದ್ದೆಗೆ ಬಿಟ್ಟುಕೊಡಬಾರದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು ಹಣ್ಣು ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಿ.

ಟಿಕೆಟ್ ಕೊಳ್ಳುವಾಗ ಕಾರ್ಯಾಗಾರದೊಂದಿಗೆ ಸೇರಿದ್ದನ್ನೇ ಆರಿಸಿ. ದೊಡ್ಡ ಸಭೆಯಲ್ಲಿ ದೂರದಿಂದ ನೋಡುವ ಪರಿಣತರು ಅಲ್ಲಿ ನಿಮ್ಮ ಮೇಜಿನ ಬಳಿಗೇ ಬರುತ್ತಾರೆ. ಆದರೆ ಕೋಣೆಯವರೆಲ್ಲ ಒಮ್ಮೆಗೇ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ಇಳಿಸಿಕೊಳ್ಳಲು ಹೊರಟರೆ ವೈಫೈ ತೆವಳುತ್ತದೆ. ಮೊದಲೇ ಕಳಿಸುವ ಸೂಚನೆಗಳಲ್ಲಿರುವ ಕೋಡನ್ನು ಹಿಂದಿನ ರಾತ್ರಿಯೇ ಇಳಿಸಿ, ಆ ಕೋಡನ್ನು ಓಡಿಸುವ ನೋಡ್ (Node.js) ತಂತ್ರಾಂಶದ ಆವೃತ್ತಿ ಸರಿಯಿದೆಯೇ ನೋಡಿ, ಇಂಟರ್ನೆಟ್ ಆರಿಸಿ ಒಮ್ಮೆ ಓಡಿಸಿ. ಎರಡು ಕಡ್ಡಿಯ ನಮ್ಮ ಚಾರ್ಜರ್ ಜರ್ಮನಿಯ ಸಾಕೆಟ್‌ಗೆ ಹಿಡಿಯುತ್ತದೆ, ಮೂರು ಕಡ್ಡಿಯ ಲ್ಯಾಪ್‌ಟಾಪ್ ಪ್ಲಗ್ ಹಿಡಿಯುವುದಿಲ್ಲ. ಅಡಾಪ್ಟರ್ ಕೊಳ್ಳುವಾಗ ತೆಳು ತಲೆಯದ್ದನ್ನು ನೋಡಿ. ಜರ್ಮನ್ ಮಾದರಿಯ ದಪ್ಪ ದುಂಡು ತಲೆ ಬಾಸೆಲ್‌ನ ಒಳಗಿಳಿದ ಸ್ವಿಸ್ ಸಾಕೆಟ್‌ಗೆ ಕೂರುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಖಂಡಿತ ಒಯ್ಯಬೇಕಾದ್ದು ಒಂದೇ ಪುಟದ ಕನ್ನಡ ಪರೀಕ್ಷಾ ಕಡತ. ಅಕ್ಷರ ವಿನ್ಯಾಸದ ಭಾಷಣಗಳಲ್ಲಿ ಉದಾಹರಣೆಗಳು ಹೆಚ್ಚಾಗಿ ಲ್ಯಾಟಿನ್ ಲಿಪಿಯವೇ. ಅಲ್ಲಿ ಕೇಳಿದ್ದು ನಮ್ಮ ಕೆಲಸಕ್ಕೆ ಒದಗುತ್ತದೆಯೇ ಎಂದು ತಿಳಿಯುವುದು ನಮ್ಮ ಲಿಪಿಯನ್ನು ಅದರ ಮುಂದೆ ಇಟ್ಟಾಗಲೇ. ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಅರ್ಘ್ಯ, ಕೈವಲ್ಯ ಇಂಥ ಪದಗಳ ಎರಡು ಪ್ಯಾರಾ ಇರಲಿ. ಅದನ್ನು ನೋಟೊ ಸಾನ್ಸ್ ಕನ್ನಡ, ದಪ್ಪದ ಜೊತೆ ಅಗಲವನ್ನೂ ಬದಲಿಸಬಹುದಾದ ಅನೇಕ್ ಕನ್ನಡ, ತಿರೊ ಕನ್ನಡ ಈ ಮೂರು ಫಾಂಟುಗಳಲ್ಲೂ ತೋರಿಸಿ. ಲೈನ್-ಹೈಟ್ (ಅಕ್ಷರದ ಅಳತೆಗೆ ಹೋಲಿಸಿ ಸಾಲಿನ ಎತ್ತರ) 1.2 ಕೊಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೇಗೆ ತಾಗುತ್ತದೆ, 1.6ಕ್ಕೆ ಏರಿಸಿದರೆ ಹೇಗೆ ಉಸಿರಾಡುತ್ತದೆ ಎಂಬುದನ್ನು ಅಕ್ಕಪಕ್ಕ ಇಡಿ. ಅಕ್ಷರಗಳ ಮೇಲೆ ಕೆಳಗಿನ ಖಾಲಿ ಜಾಗ ಕತ್ತರಿಸುವ, ವೆಬ್ ಪುಟದ ಶೈಲಿ ಭಾಷೆಯಾದ ಸಿಎಸ್‌ಎಸ್‌ನ ಟೆಕ್ಸ್ಟ್-ಬಾಕ್ಸ್-ಟ್ರಿಮ್ ಎಂಬ ಹೊಸ ಗುಣದ ಉದಾಹರಣೆಯೂ ಇರಲಿ. ಲ್ಯಾಟಿನ್ ಅಕ್ಷರದ ಪಾದರೇಖೆಗೆ ಸರಿಯಾಗಿ ಖಾಲಿ ಜಾಗ ಕತ್ತರಿಸಿದರೆ ಇಂಗ್ಲಿಷ್ ಬಟನ್ ಅಚ್ಚುಕಟ್ಟಾಗಿ ಕಾಣುತ್ತದೆ. ಕನ್ನಡದಲ್ಲಿ ಒತ್ತಕ್ಷರ ಪೂರ್ತಿ ಆ ರೇಖೆಯ ಕೆಳಗೇ ಇರುವುದರಿಂದ ಅದು ಪೆಟ್ಟಿಗೆಯಿಂದ ಹೊರಗೆ ಜೋತುಬೀಳುತ್ತದೆ. ಬಿಡುವಿನಲ್ಲಿ ಭಾಷಣಕಾರರ ಹತ್ತಿರ ಹೋಗಿ ಇದನ್ನು ತೋರಿಸಿ. “ನಿಮ್ಮ ಭಾಷಣ ಚೆನ್ನಾಗಿತ್ತು” ಎಂಬ ಮಾತು ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಒಡೆದ ಒತ್ತಕ್ಷರ ಕಣ್ಣೆದುರು ಇದ್ದರೆ ಅರ್ಧ ಗಂಟೆ ಮಾತು ಬೆಳೆಯುತ್ತದೆ, ಬ್ರೌಸರ್ ಮಾಡುವವರಿಗೆ ದೂರು ಬರೆಯುವುದು ಹೇಗೆಂಬುದನ್ನೂ ಹೇಳಿಕೊಡುವವರು ಸಿಗುತ್ತಾರೆ.

ಟಿಪ್ಪಣಿಗೆ ಕೈಯಲ್ಲಿ ಬರೆಯುವ ಪುಸ್ತಕ ಮೇಲು. ಸ್ಲೈಡುಗಳನ್ನು ಬಹಳ ಮಂದಿ ತಾವೇ ಹಂಚುತ್ತಾರೆ, ಅವುಗಳ ಫೋಟೊ ತೆಗೆಯುತ್ತ ಕೂರಬೇಡಿ. ಭಾಷಣಕ್ಕೊಂದು ಪುಟ ಇಟ್ಟು, ಎಡಕ್ಕೆ ಅವರು ಹೇಳಿದ್ದು, ಬಲಕ್ಕೆ ಅದು ನಿಮ್ಮ ಯಾವ ಕೆಲಸಕ್ಕೆ ತಾಗುತ್ತದೆ ಎಂಬುದನ್ನು ಬರೆಯಿರಿ. ಬಲಭಾಗ ಖಾಲಿ ಉಳಿದ ಪುಟ ಹೋದರೆ ಹೋಗಲಿ.

ಮುನ್‌ಸ್ಟರ್‌ಪ್ಲಾಟ್ಸ್ ಎಂಬ ಚರ್ಚಿನ ಚೌಕದಲ್ಲಿರುವ 16ನೇ ಶತಮಾನದ ಕೆಂಪು ಕಟ್ಟಡ ಹಿಸ್ಟೋರಿಶಸ್ ಕೌಫ್‌ಹೌಸ್‌ಗೂ ಈ ಸಮ್ಮೇಳನಕ್ಕೂ ಹಳೆಯ ನಂಟು. ರೈಲು ನಿಲ್ದಾಣದಿಂದ ಅಲ್ಲಿಗೆ ಕಾಲು ಗಂಟೆ ನಡಿಗೆ. ನಿಮ್ಮ ವರ್ಷದ ಟಿಕೆಟಿನಲ್ಲಿ ಯಾವ ಸಭಾಂಗಣ ಇದೆಯೆಂದು ನೋಡಿಯೇ ಕೋಣೆ ಹಿಡಿಯಿರಿ. ಬೀದಿಯ ಅಂಚಿನಲ್ಲಿ ಬೆಕ್ಲೆ ಎಂಬ ಕಿರು ನೀರ್ಗಾಲುವೆಗಳು ತೆರೆದೇ ಹರಿಯುತ್ತವೆ, ಸೂಟ್‌ಕೇಸಿನ ಚಕ್ರ ಜೋಪಾನ.

ಆ ಚೌಕದಲ್ಲೇ ಒಂದು ಬೆಳಗು ಕಳೆಯಬೇಕು. 116 ಮೀಟರ್ ಗೋಪುರದ ಬುಡದಲ್ಲಿ ಚರ್ಚಿನ ಬಾಗಿಲ ಬಳಿ ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿ. ಬ್ರೆಡ್ಡಿನ ಅಳತೆಗಳನ್ನು 1270, 1317, 1320ನೇ ವರ್ಷಗಳ ಗುರುತಿನೊಂದಿಗೆ ಅಲ್ಲಿ ಕೊರೆದಿದ್ದಾರೆ. ಬೆಳೆ ಚೆನ್ನಾದ ವರ್ಷ ಬ್ರೆಡ್ಡು ದೊಡ್ಡದು, ಬರದ ವರ್ಷ ಚಿಕ್ಕದು. ಸಂತೆಯಲ್ಲಿ ಕೊಂಡದ್ದು ಸರಿಯಿದೆಯೇ ಎಂದು ಯಾರು ಬೇಕಾದರೂ ಗೋಡೆಗೆ ಹಿಡಿದು ನೋಡಬಹುದಿತ್ತು. ಇಟ್ಟಿಗೆ, ಹೆಂಚು, ಬಟ್ಟೆಗೂ ಅಳತೆಗಳಿವೆ. ಡಿಸೈನ್ ಸಿಸ್ಟಮ್ ಎಂದು ನಾವು ಇಂದು ಕರೆಯುವುದರ ತಿರುಳು ಇದೇ: ಅಳತೆ ಒಂದೇ ಕಡೆ, ಎಲ್ಲರ ಕಣ್ಣೆದುರು, ಮಾಡುವವನಿಗೂ ಕೊಳ್ಳುವವನಿಗೂ ಒಂದೇ. ಒಳಗೆ ಬಣ್ಣದ ಗಾಜಿನ ಕಿಟಕಿಗಳಲ್ಲಿ ಅವಕ್ಕೆ ಹಣ ಕೊಟ್ಟ ಕಸುಬುದಾರರ ಗುರುತುಗಳಿವೆ, ಬ್ರೆಡ್ಡಿನವರಿಗೆ ಬ್ರೆಟ್ಸೆಲ್, ಚಮ್ಮಾರರಿಗೆ ಬೂಟು. ಹೊರಗೆ ಹಳೆಯ ಅಂಗಡಿಗಳ ಮುಂದಿನ ನೆಲ ನೋಡಿ, ರೈನ್ ನದಿಯ ಉರುಟುಗಲ್ಲು ಕೂಡಿಸಿ ಅಂಗಡಿಯ ಕಸುಬಿನ ಚಿತ್ರ ಬಿಡಿಸಿದ್ದಾರೆ. ಎರಡು ಮೂರು ಬಣ್ಣದ ಕಲ್ಲಿನಲ್ಲಿ, ನಡೆಯುತ್ತಿರುವವರಿಗೆ ತಿಳಿಯುವಂಥ ಐಕಾನ್! ಇವುಗಳಲ್ಲಿ ಹತ್ತನ್ನಾದರೂ ಪುಸ್ತಕದಲ್ಲಿ ಗೀಚಿಕೊಳ್ಳಿ. ಕೈಯಲ್ಲಿ ಬರೆಯುವಾಗಲೇ ಎಷ್ಟು ಗೆರೆ ಬಿಟ್ಟಿದ್ದಾರೆಂದು ಗೊತ್ತಾಗುವುದು.

ಚೌಕದ ಸಂತೆ ಭಾನುವಾರ ಬಿಟ್ಟು ಪ್ರತಿದಿನ ಬೆಳಿಗ್ಗೆ ಇರುತ್ತದೆ. ಸಸ್ಯಾಹಾರಿಗಳು ಸೆಪ್ಟೆಂಬರಿನ ಈರುಳ್ಳಿ ಕೇಕು ಮತ್ತು ತೆಳು ರೊಟ್ಟಿಯಂಥ ಫ್ಲಾಮ್‌ಕೂಖೆನ್ ಕೊಳ್ಳುವಾಗ “ಓನೆ ಷ್ಪೆಕ್” ಎಂದು ಹೇಳಿ, ಹಂದಿಮಾಂಸದ ಚೂರು ಹಾಕುವುದು ಅಲ್ಲಿ ವಾಡಿಕೆ.

ಸಮ್ಮೇಳನ ಮುಗಿದ ಮೊದಲ ದಿನ ಬಾಸೆಲ್‌ಗೆ ಅಂಟಿಕೊಂಡಂತಿರುವ ಜರ್ಮನಿಯ ಊರು ವೈಲ್ ಆಮ್ ರೈನ್‌ನಲ್ಲಿರುವ, ಪೀಠೋಪಕರಣ ಕಂಪನಿ ವಿಟ್ರಾದ ಆವರಣಕ್ಕೆ. ಫ್ರ್ಯಾಂಕ್ ಗೆರಿ ಕಟ್ಟಿದ ವಸ್ತುಸಂಗ್ರಹಾಲಯ 1989ರದು. ಜಹಾ ಹದೀದ್ ಅವರ ಅಗ್ನಿಶಾಮಕ ಠಾಣೆ ಮತ್ತು ತದಾವೊ ಅಂದೊ ಅವರ ಸಭಾಮಂಟಪ ಎರಡೂ 1993ರವು. ಠಾಣೆಯ ಒಳಗೆ ನೋಡಲು ಮಾರ್ಗದರ್ಶಕರೊಂದಿಗಿನ ಸುತ್ತಾಟವನ್ನು ಮೊದಲೇ ಕಾದಿರಿಸಿ. ಬಾಡೆನ್-ವ್ಯುರ್ಟೆಂಬರ್ಗ್ ದಿನದ ಟಿಕೆಟ್ ಇಲ್ಲಿಗೂ ಬಾಸೆಲ್‌ನ ಬಾಡಿಶರ್ ನಿಲ್ದಾಣದವರೆಗೂ ನಡೆಯುತ್ತದೆ, ಆದರೆ ವಾರದ ದಿನ ಬೆಳಿಗ್ಗೆ ಒಂಬತ್ತರ ನಂತರ, ಅದೂ ಪ್ರಾದೇಶಿಕ ರೈಲುಗಳಲ್ಲಿ ಮಾತ್ರ. ಐಸಿಇ ಹತ್ತಿದರೆ ದಂಡ.

ಎರಡನೆಯ ದಿನ ಬಾಸೆಲ್. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದ ಬಾಸೆಲ್ ಮಿಷನ್ ಇದೇ ಊರಿನದು. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಮಂಗಳೂರ ಸಮಾಚಾರ, 1894ರ ಕಿಟ್ಟೆಲ್ ನಿಘಂಟು ಎಲ್ಲಕ್ಕೂ ಹಿಂದಿದ್ದ ಸಂಸ್ಥೆ. ಅದರ ದಾಖಲೆಗಳು ಮಿಸಿಯೋನ್‌ಷ್ಟ್ರಾಸೆ 21ರಲ್ಲಿ, ಮಿಷನ್ 21ರ ಸಂಗ್ರಹದಲ್ಲಿವೆ. ಬಾಗಿಲಿಗೆ ಹೋಗಿ ನಿಂತರೆ ಆಗದು. ಅವರ ಆನ್‌ಲೈನ್ ಪಟ್ಟಿಯಲ್ಲಿ ಬೇಕಾದ ಕಡತದ ಸಂಖ್ಯೆ ಹುಡುಕಿ, ಒಂದು ತಿಂಗಳು ಮೊದಲೇ ಬರೆದು ಸಮಯ ಕೇಳಿ. ಹಳೆಯ ಕಾಗದಪತ್ರಗಳು ಹೆಚ್ಚಾಗಿ ಜರ್ಮನ್ ಕುರೆಂಟ್ ಕೈಬರಹದಲ್ಲಿರುತ್ತವೆ, ಓದಲಾಗದು. ವಿನ್ಯಾಸಕಾರರು ಅಚ್ಚಾದ ಕನ್ನಡ ಪುಟಗಳನ್ನೂ ಛಾಯಾಚಿತ್ರಗಳನ್ನೂ ಕೇಳುವುದು ಸರಿ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳಿವೆ, ಹೊರಡುವ ಮೊದಲು ಅವನ್ನು ತಿರುವಿಹಾಕಿದರೆ ಏನು ಕೇಳಬೇಕೆಂದು ಹೊಳೆಯುತ್ತದೆ. ಸಾಲುಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ, ಒತ್ತಕ್ಷರವನ್ನು ಎಷ್ಟು ಚಿಕ್ಕದಾಗಿಸಿದ್ದಾರೆ ಎಂದು ಸ್ಕೇಲು ಹಿಡಿದು ಅಳೆಯಿರಿ. ಪರೀಕ್ಷಾ ಕಡತದ 1.2 ಮತ್ತು 1.6ರ ಪ್ರಶ್ನೆಯನ್ನು ಅಚ್ಚುಮೊಳೆ ಜೋಡಿಸುವವರು ಆಗಲೇ ಎದುರಿಸಿದ್ದರು.

ಮಧ್ಯಾಹ್ನ ಸಾಂಕ್ಟ್ ಆಲ್ಬಾನ್ ಕಣಿವೆಯ ಕಾಗದದ ಗಿರಣಿಗೆ ಹೋಗಿ. ಈಗ ಅದು ಕಾಗದ, ಬರಹ, ಮುದ್ರಣದ ವಸ್ತುಸಂಗ್ರಹಾಲಯ. ಸೋಮವಾರ ರಜೆ. ನೀರಿನ ತೊಟ್ಟಿಯಿಂದ ಕಾಗದದ ಹಾಳೆಯನ್ನು ನೀವೇ ಎತ್ತಬಹುದು, ಮೊಳೆ ಎರಕ ಹೊಯ್ಯುವುದನ್ನು ನೋಡಬಹುದು. ಹೆಸರಾಂತ ಲ್ಯಾಟಿನ್ ಅಕ್ಷರಶೈಲಿ ಹೆಲ್ವೆಟಿಕಾ 1957ರಲ್ಲಿ ಹುಟ್ಟಿದ್ದು ಇದೇ ಬಾಸೆಲ್‌ನ ಪಕ್ಕದ ಮ್ಯುಂಖೆನ್‌ಷ್ಟೈನ್‌ನ ಹಾಸ್ ಎರಕಶಾಲೆಯಲ್ಲಿ. ಬಾಸೆಲ್‌ನಲ್ಲಿ ನಡೆಯುವುದು ಫ್ರಾಂಕ್. ಯುರೋಪಿನ ಹಲವು ಇ-ಸಿಮ್‌ಗಳು ಗಡಿ ದಾಟಿದೊಡನೆ ನಿಲ್ಲುತ್ತವೆ, ಪಟ್ಟಿಯಲ್ಲಿ ಸ್ವಿಟ್ಜರ್‌ಲೆಂಡ್ ಇದೆಯೇ ನೋಡಿಯೇ ಕೊಳ್ಳಿ. ಗಿರಣಿಯಲ್ಲಿ ಮಾಡಿದ ಹಾಳೆ ಒದ್ದೆಯಿದ್ದರೆ ಎರಡು ರಟ್ಟಿನ ನಡುವೆ ಇಟ್ಟು ಲ್ಯಾಪ್‌ಟಾಪ್ ಚೀಲದ ಹಿಂಬದಿಗೆ ಹಾಕಿ, ಸೂಟ್‌ಕೇಸಿಗೆ ಹಾಕಿದರೆ ಬೆಂಗಳೂರಿಗೆ ಬರುವಷ್ಟರಲ್ಲಿ ಮುದ್ದೆಯಾಗಿರುತ್ತದೆ.